ತೂಗುವುದು

ಯುವಾಸ್ಕುಲ. ಜನವರಿ. ರಾತ್ರಿ ಎರಡು ಹತ್ತು.
ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಗಟ್ಟಿಯಾದ ಸರೋವರದ ಮೇಲೆ ಯಾರದೋ ಬೂಟು,
ಜೊತೆಗೆ ನಾಯಿಯ ಹೆಜ್ಜೆ, ಆಚೆ ದಡದವರೆಗೂ.
ಒಳಗೆ, ನೆಲದಡಿಯಲ್ಲಿ,
ತೂಗಲು ಕೂತ ನಾವಿಬ್ಬರು
ತೂಕಡಿಸುತ್ತಿದ್ದೇವೆ.

ತೂಗಬೇಕಾದ್ದು ಬೆಳ್ಳಿ.
ಅಂಗಡಿಯ ತಕ್ಕಡಿಗೆ ಬರುವ ಬೆಳ್ಳಿಯಲ್ಲ,
ಯುರೇನಿಯಂ ಸೀಳಿದಾಗ ಸಿಡಿದದ್ದು,
ಹದಿನೈದು ನ್ಯೂಟ್ರಾನು ಹೆಚ್ಚಿಗೆ ಹೊತ್ತು
ಏದುಸಿರಲ್ಲಿ ಬಂದದ್ದು.
ಸೆಕೆಂಡಿನ ಐದರಲ್ಲೊಂದು ಪಾಲು ಕಳೆಯಿತೋ,
ಬಂದವರಲ್ಲಿ ಅರ್ಧ ಮಂದಿ ಇಲ್ಲ.
ನಾನು ‘ಬಂತು’ ಅನ್ನಲು ಬಾಯಿ ತೆರೆದರೆ
ಬಕಾರಕ್ಕೆ ಸೊನ್ನೆ ಸೇರುವ ಮೊದಲೇ
ಅದು ಕ್ಯಾಡ್ಮಿಯಂ.

ಇದಕ್ಕೆ ತಟ್ಟೆಯಿಲ್ಲ, ಮುಳ್ಳಿಲ್ಲ, ತೂಕದ ಕಲ್ಲಿಲ್ಲ.
ಆಳೆತ್ತರದ ಅಯಸ್ಕಾಂತ, ಹೊಟ್ಟೆ ತುಂಬ ದ್ರವ ಹೀಲಿಯಂ,
ನಟ್ಟನಡುವೆ ಚಿನ್ನ ಬಳಿದ ಉಂಗುರಗಳು,
ಹೆಬ್ಬೆರಳು ತೂರುವಷ್ಟು ಜಾಗ:
ಮುಟ್ಟದೆ ಹಿಡಿಯುವ ತೊಟ್ಟಿಲು.
ಗಾಳಿಯೂ ಇಲ್ಲದ ಆ ಎಡೆಯಲ್ಲಿ ಅಯಾನು ಸುತ್ತುತ್ತದೆ
ಭಾರವಿದ್ದಷ್ಟೂ ನಿಧಾನ.
ನಿಧಾನವೆಂದರೂ
ಸಾಯುವ ಮುನ್ನ ಒಂದೂವರೆ ಲಕ್ಷ ಪ್ರದಕ್ಷಿಣೆ.
ಅದರ ಲಯಕ್ಕೇ ತೂಗಿದರೆ
ಹುರುಪಾಗಿ ಹಾರಿ ಬೇಗ ತಲುಪುತ್ತದೆ,
ತಪ್ಪಿದರೆ ಕಾಲೆಳೆದುಕೊಂಡು.
ಎಷ್ಟು ಹೊತ್ತಿಗೆ ಬಂತೆಂದು ಬರೆದುಕೊಳ್ಳುವುದು, ಅಷ್ಟೇ.
ನಡುನಡುವೆ ಹೋಲಿಕೆಗೆ ಸೀಸಿಯಂ,
ಒಳ್ಳೆ ಮನೆತನದ್ದು, ತೂಕ ಎಲ್ಲರಿಗೂ ಗೊತ್ತು,
ಸಾಯುವ ಯೋಚನೆಯೇ ಇಲ್ಲ.

ಎರಡೂವರೆಗೆ ಕಿರಣ ಬಿದ್ದುಹೋಯಿತು.
ಮೇಲಿನಿಂದ ಒಸ್ಮೋ ಫೋನು: ‘ಹತ್ತೇ ನಿಮಿಷ.’
ಒಸ್ಮೋನ ಹತ್ತು ನಿಮಿಷವನ್ನು
ಯಾವ ಪ್ರಯೋಗಶಾಲೆಯೂ ಅಳೆದಿಲ್ಲ.

ಹಿಲ್ಕ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು.
ಬರುವ ಮೇ ತಿಂಗಳಿಗೆ ಅವಳ ನಿವೃತ್ತಿ.
ಪುಟ್ಟದೊಂದು ಚಮಚದಿಂದ ಕಲಕುತ್ತಾಳೆ,
ಸಕ್ಕರೆ ಹಾಕುವವಳೇ ಅಲ್ಲ.
ಹಿಡಿಯ ಮೇಲೆ ಕೆತ್ತಿದ ಅಕ್ಷರ:
ಐರಾ. ೩-೧೧-೧೯೫೯. ೨೧೪೦ ಗ್ರಾಂ.

‘ಅಕ್ಕನದು,’ ಅಂದಳು, ನಾನು ಕೇಳದೆಯೇ.
‘ಇಲ್ಲಿ ಹಾಗೆ, ಮಗು ಹುಟ್ಟಿದರೆ ಬೆಳ್ಳಿ ಚಮಚ, ಅದರ ತೂಕ.
ಅಪ್ಪ ಅವತ್ತೇ ಅಕ್ಕಸಾಲಿಯ ಹತ್ತಿರ ಓಡಿದನಂತೆ.
ಕೆತ್ತಿಸಿಕೊಂಡು ತಿರುಗಿ ಬರುವಷ್ಟರಲ್ಲಿ...’
ಫೋನಿನ ಕಡೆ ನೋಡಿದಳು. ಅದು ಮೊಳಗಲಿಲ್ಲ.
‘ನಾನು ಹುಟ್ಟಿದಾಗ ಹೊಸತು ಮಾಡಿಸಲಿಲ್ಲ.’

ಬಿಡಿಬಿಡಿಯಾಗಿ ತೂಗಿ ಕೂಡಿದರೆ ಹೆಚ್ಚು,
ಒಟ್ಟಿಗಿಟ್ಟು ತೂಗಿದರೆ ಕಡಿಮೆ;
ನಮ್ಮ ವಿದ್ಯೆಯೆಲ್ಲ ನಿಂತಿರುವುದು ಆ ಕೊರತೆಯ ಮೇಲೆ.
ಕಾಣೆಯಾದದ್ದು ಯಾವುದೋ ಅದೇ
ಉಳಿದದ್ದನ್ನು ಬಿಗಿದು ಕಟ್ಟಿದೆ.
ಎಷ್ಟು ತರಗತಿಗಳಲ್ಲಿ, ಎಷ್ಟು ಸೀಮೆಸುಣ್ಣ ಸವೆಸಿ
ಹೇಳಿದ್ದೇನೆ ಇದನ್ನು.
ಆ ಹೊತ್ತಿಗೆ ಮಾತ್ರ
‘ಕಾಫಿ ಇನ್ನೂ ಇದೆಯಾ’ ಎಂದೆ.

ಕಿರಣ ಬಂತು ನಾಲ್ಕಕ್ಕೆ.
ಒಂದು. ಆಮೇಲೆ ತುಂಬ ಹೊತ್ತು ಏನಿಲ್ಲ.
ಎರಡು ಒಟ್ಟಿಗೆ. ಪಂಪಿನ ಗುಂಯ್.
ಏಳು ಗಂಟೆಗೆ ಪರದೆಯ ಮೇಲೆ ಚುಕ್ಕಿಗಳು ಕುಸಿದು
ಕಣಿವೆಯೊಂದು ಮೂಡಿತು, ಅಂಕುಡೊಂಕು, ಆದರೂ ಕಣಿವೆಯೇ.
ನೂರ ನಲವತ್ತೆರಡು ಅಯಾನು.
ಒಂದೂ ಈಗಿಲ್ಲ.

ಇದು ಬೇಕಾದವರಿದ್ದಾರೆ:
ಸತ್ತ ನಕ್ಷತ್ರಗಳೆರಡು ಡಿಕ್ಕಿ ಹೊಡೆದಾಗ
ಬೆಳ್ಳಿ ಯಾವ ದಾರಿಯಿಂದ ಬಂತೆಂದು ಲೆಕ್ಕ ಹಾಕುವವರು.
ಚಮಚದ್ದೂ ಒಂದು ಕಾಲಕ್ಕೆ
ಇಂಥದೇ ಅವಸರದಲ್ಲಿ ಹುಟ್ಟಿ
ಹೊರೆ ಬದಲಿಸುತ್ತ, ಹೆಸರು ಬದಲಿಸುತ್ತ
ಕೊನೆಗೊಮ್ಮೆ ನಿಂತದ್ದಿರಬೇಕು.

ದಾಖಲೆ ಪುಸ್ತಕದಲ್ಲಿ ಅಂಕಿ ಬರೆದೆ,
ಬೆನ್ನಿಗೇ ಆವರಣ ಹಾಕಿ
ಎಷ್ಟು ತಪ್ಪಿರಬಹುದು ಎಂಬುದನ್ನೂ.
ಹಿಲ್ಕ ಸಹಿ ಮಾಡಿದಳು.
ಚಮಚ ಒರೆಸಿ, ಉಣ್ಣೆಯ ಗ್ಲೌಸಿನೊಳಗೆ ತೂರಿಸಿ
ಗ್ಲೌಸು ಹಾಕಿಕೊಂಡಳು.

೨೧೪೦.
ಅಂದಿನ ಸೂಲಗಿತ್ತಿ ಆವರಣ ಹಾಕಿರಲಿಲ್ಲ.

ಹೊರಗೆ ಇನ್ನೂ ಕತ್ತಲು.
ಹಿಮ ಗೋರುವ ಲಾರಿ ಹಳದಿ ದೀಪ ಹೊತ್ತು
ಅಂಗಳ ಸುತ್ತುತ್ತಿತ್ತು,
ತುಂಬಿಕೊಂಡಷ್ಟೂ ನಿಧಾನ.